ಮಾವನವರ ಹೆಸರು

ಹಾ ತ್ಲಾಲಿ, ಲೆಸೋಥೊ
ಸೆಪ್ಟೆಂಬರ್ 14

ಪ್ರೀತಿಯ ಅತ್ತೆಮ್ಮಾ,

ಪೊರೆ ತೆಗೆಸಿದ ಕಣ್ಣು ಈಗ ಹೇಗಿದೆ? ಒಲೆಯ ಹೊಗೆ ಬೇಡವೆಂದು ಡಾಕ್ಟರು ಹೇಳಿದರೆ ಕೇಳುವವರಲ್ಲ ನೀವು. ಮಾಸೆರುವಿನಲ್ಲಿ ನಾದಿನಿ ಕಾವಲಿದ್ದಾಳೆ ಎಂಬುದೇ ಸಮಾಧಾನ. ಇಲ್ಲಿ ನಿಮ್ಮ ಮಗ, ಮೊಮ್ಮಗಳು ಲಿಂಫೊ, ನಿಮ್ಮ ಆ ಜಗಳಗಂಟಿ ಕೋಳಿ ಎಲ್ಲರೂ ಕ್ಷೇಮ.

ಮಾವನವರು ಕಟ್ಟಿದ ಕಲ್ಲುಮನೆ ಈಗ ಊರಿನ ಪ್ರವಾಸಿ ಕೇಂದ್ರವಾಗುತ್ತಿದೆ. ನೀವು ಬಂದರೆ ಗುರುತೇ ಹಿಡಿಯಲಾರಿರಿ. ಕುದುರೆ ಸವಾರಿ, ಚಾಪೆ ಹೆಣಿಗೆ, ಅಡುಗೆ ಎಂದು ಹದಿನೇಳು ಮನೆಗಳಿಗೆ ಕೆಲಸ ಸಿಗಲಿದೆ. ಮನೆ ತೋರಿಸಿ ಕಥೆ ಹೇಳುವ ಕೆಲಸಕ್ಕೆ ನಾನೂ ನಿಂತೆ. ಆ ಗೋಡೆಯ ಒಂದೊಂದು ಕಲ್ಲಿನ ಕಥೆಯನ್ನೂ ನೀವೇ ಹೇಳಿದ್ದೀರಲ್ಲ! ಮೊನ್ನೆ ಪರೀಕ್ಷೆ. ಸಮಿತಿಯ ಅಧ್ಯಕ್ಷ ತ್ಸೆಲಿಸೊ ತಾವೇ ಟೋಪಿ ಹಾಕಿಕೊಂಡು ಪ್ರವಾಸಿಯಾದರು. "ಈ ಮನೆ ಕಟ್ಟಿದ್ಯಾರಮ್ಮ?" ಎಂದರು. "ನಮ್ಮ ಮಾವ್ನೋರು" ಎಂದೆ. "ಹೆಸರು?" "ನಮ್ಮ ಲಿಂಫೊಳ ಅಜ್ಜ." "ಅಜ್ಜಂಗೆ ಹೆಸರೇ ಇಟ್ಟಿರ್ಲಿಲ್ವಾ?" ಎಂದಾಗ ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳು ಬಂತು.

"ಕಟ್ಟಿದವನ ಹೆಸರು ಹೇಳ್ದೆ ಅದೆಂಥಾ ಕಥೆ? ಭಾನುವಾರ ಕೇಂದ್ರ ಶುರು. ಅಷ್ಟ್ರೊಳಗೆ ನೀನ್ ಬಾಯಿ ಬಿಡ್ಲಿಲ್ಲ ಅಂದ್ರೆ ಪಟ್ಟಣದವನ್ನ ಕರೀತೀವಿ" ಎಂದಿದ್ದಾರೆ ತ್ಸೆಲಿಸೊ. ಆ ಪಟ್ಟಣದವನೋ, ಅದೇ ಪರೀಕ್ಷೆಯಲ್ಲಿ ಕುದುರೆ ಲಾಯವನ್ನೇ ಅಡುಗೆಮನೆ ಎಂದು ತೋರಿಸಿದ ಮಹಾನುಭಾವ! ನಾನು ಈ ಮನೆಗೆ ಬಂದ ದಿನ ಕಂಬಳಿ ಹೊದಿಸಿ, ಸೊಸೆಯಾದವಳು ಮಾವನ ಹೆಸರು ನಾಲಿಗೆ ಮೇಲೆ ತರಬಾರದು ಎಂದವರು ನೀವು. ಆ ಕಟ್ಟು ಬಿಚ್ಚಬೇಕಾದವರೂ ನೀವೇ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಆದರೆ ನಿಜ ಹೇಳುತ್ತೇನೆ, ಆ ಹೆಸರು ಬಾಯಲ್ಲಿ ಹೇಗಿರುತ್ತದೋ ಎಂಬ ಕುತೂಹಲ ನನ್ನನ್ನು ಬಿಟ್ಟಿಲ್ಲ. ನೀರು ತರುವಾಗ ಒಬ್ಬಳೇ ತುಟಿ ಅಲ್ಲಾಡಿಸಿ ನೋಡಿದ್ದೇನೆ. ದನಿ ಮಾತ್ರ ಹೊರಡಿಸಲಿಲ್ಲ, ಬೈಯಬೇಡಿ. ನಿಮಗೂ ನಿಮ್ಮ ಮಾವನವರ ಹೆಸರಿನ ಮೇಲೆ ಇಂಥ ಆಸೆ ಹುಟ್ಟಿತ್ತೇ?

ಬೇಡವೆಂದರೆ ಬೇಡ. ನಿಮ್ಮ ಮನಸ್ಸು ನೋಯಿಸಿ ಸಿಗುವ ಕೆಲಸ ನನಗೆ ದಕ್ಕುವುದಿಲ್ಲ. ನಾದಿನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಕಣ್ಣು ಬೇಗ ತಿಳಿಯಾಗಲಿ.

ನಿಮ್ಮ ಸೊಸೆ,
ಮಾಲಿಂಫೊ

ಮರೆತಿದ್ದೆ: ಮರೆತದ್ದಲ್ಲ, ಬರೆಯಲು ನಾಚಿಕೆ. ನನಗೀಗ ನಾಲ್ಕು ತಿಂಗಳು. ಗಂಡಾದರೆ ಅಜ್ಜನ ಹೆಸರೇ ಎಂದು ನಿಮ್ಮ ಮಗ ಆಗಲೇ ಊರಿಗೆಲ್ಲ ಸಾರಿದ್ದಾರೆ. ಪ್ರವಾಸಿಗರಿಗಾದರೆ ಬೋರ್ಡು ತೋರಿಸಿ ನೀವೇ ಓದಿಕೊಳ್ಳಿ ಎಂದೇನು. ಗುಡ್ಡದಾಚೆ ಆಡಲು ಹೋದ ಮಗನನ್ನು ಊಟಕ್ಕೆ ಏನೆಂದು ಕೂಗಲಿ, ಅತ್ತೆಮ್ಮಾ?