ಉತ್ತರ ಕೊಡದವನಿಗೆ ಪೆನ್ಶನ್, ಕೊಟ್ಟವನಿಗೆ ಬೇವಿನ ನೆರಳು

ಪೆನ್ಶನ್ ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಮೂರು ಅರ್ಜಿಗಳಲ್ಲಿ ನ್ಯಾಯ, ಸಮಾನತೆ ಎಂದು ದೊಡ್ಡ ದೊಡ್ಡ ಮಾತು ಬರೆದು ಏನೂ ಪ್ರಯೋಜನವಾಗಲಿಲ್ಲ. ರೋಣದ ಮಾಮಲೇದಾರ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದ ಕಾರಕೂನ ಗುರುಸಂಗಪ್ಪನಿಗೆ ನೀವು ಪ್ರತಿ ತಿಂಗಳು ಪೆನ್ಶನ್ ಕೊಡುತ್ತೀರಿ, ನನಗೆ ಕೊಡುವುದಿಲ್ಲ. ಆತ ಮಾಡಿದ ಘನಕಾರ್ಯವೆಂದರೆ ನಿಮ್ಮ ಪತ್ರವನ್ನು ಓದದೇ ಇದ್ದದ್ದು.

1951ರಲ್ಲಿ ನಿಮ್ಮ ಸುತ್ತೋಲೆ ಬಂತು. ಮುಪ್ಪಿನಲ್ಲಿ ಸರಕಾರದ ಪೆನ್ಶನ್ ಬೇಕೋ, ಅಥವಾ ನಿವೃತ್ತಿಯ ದಿನ ಒಂದೇ ಗಂಟಿನಲ್ಲಿ ಹಣ ಪಡೆದು ನಮ್ಮ ದಾರಿ ನಾವು ನೋಡಿಕೊಳ್ಳುತ್ತೇವೋ, ತಿಂಗಳೊಳಗೆ ತಿಳಿಸಬೇಕೆಂದು ಅದರಲ್ಲಿತ್ತು. ಎಲ್ಲ ಕಾರಕೂನರಿಗೂ ಅದರ ಪ್ರತಿ ಬರೆದುಕೊಟ್ಟವನು ನಾನೇ. ಗುರುಸಂಗಪ್ಪ ತನ್ನ ಪ್ರತಿಯಲ್ಲಿ ಮೂಗಿಗೇರಿಸುವ ತಪಕೀರು ಕಟ್ಟಿಕೊಂಡ. ನಾನು ನಾಲ್ಕು ಸಲ ಓದಿದೆ.

ಓದುತ್ತಿರುವಾಗಲೇ ಸೂಡಿಯಿಂದ ಬೀಗರು ಬಂದರು. ನನ್ನ ಮಗಳ ಮಾವ ದ್ಯಾಮಪ್ಪನವರು. ಆಗಷ್ಟೇ ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯ ಏಜೆಂಟರಾಗಿದ್ದರು. ಕೂತವರೇ ಎಲೆ-ಅಡಿಕೆ ಮುಂದೆ ಹಿಡಿದರು. ನಾನು ಕೈಯೊಡ್ಡಿದೆ. ಎಲೆ ನನ್ನ ಕೈಗೆ ಬಂದ ಮೇಲೆ ಅವರು ಬಾಯಿ ಬಿಟ್ಟರು:

"ಬೀಗರ, ಇನ್ನ ನಿಮ್ಮ ಮುಪ್ಪಿನ ಚಿಂತಿ ನಮ್ಮ ಕಂಪನಿದು. ಸರಕಾರದ ಗಂಟು ತಗೊಂಡು ನಮ್ಮ ಕಡೆ ಇಡ್ರಿ. ತಿಂಗಳಾ ಮನಿಗೆ ರೊಕ್ಕ ಬರತೈತಿ."

ನಮ್ಮ ಕಡೆ ಎಲೆ-ಅಡಿಕೆ ಹಿಡಿದರೆ ಮಾತು ಕೊಟ್ಟಂತೆ. ಅದು ನಿಮಗೂ ಗೊತ್ತಿರಬೇಕು. ಬೀಗರು ಹೋದ ಮೇಲೆ ನನ್ನ ಹೆಂಡತಿ ಕಳಕವ್ವ ಒಳಗಿನಿಂದ ಬಂದಳು. "ಯಾತಕ್ಕ ಅಂತ ಕೇಳಿ ಹಿಡೀಬಾರದಿತ್ತೇನ್ರಿ?"

"ಬೀಗರು ಕೊಟ್ಟ ಎಲಿ ತಿರುಗಿ ಕೊಡಾಕ ಬರತೈತೇನ? ನಮ್ಮ ಹುಡುಗಿ ಅವರ ಮನ್ಯಾಗ ಬಾಳೆ ಮಾಡಬೇಕು" ಎಂದೆ. ಮರುದಿನವೇ ಪೆನ್ಶನ್ ಬೇಡವೆಂದು ದುಂಡಗೆ ಬರೆದು ನಿಮಗೆ ಕಳಿಸಿದೆ.

ಮರುವರ್ಷ ನಾವಿಬ್ಬರೂ ನಿವೃತ್ತರಾದೆವು. ಕಂಪನಿ ಹದಿನಾಲ್ಕು ತಿಂಗಳು ಹಣ ಕಳಿಸಿ ಬಾಗಿಲಿಗೆ ಕೀಲಿ ಹಾಕಿತು. ದ್ಯಾಮಪ್ಪನವರ ಸ್ವಂತ ಹಣವೂ ಅದರಲ್ಲೇ ಹೋಯಿತು. ಪಾಪ, ಅವರನ್ನು ಬಯ್ಯುವಂತೆಯೂ ಇಲ್ಲ. ಗುರುಸಂಗಪ್ಪನಿಗೆ ಮಾತ್ರ ಪೆನ್ಶನ್ ಶುರುವಾಯಿತು. ಏಕೆಂದರೆ ನಿಮ್ಮ ಸುತ್ತೋಲೆಯ ಕೊನೆಯಲ್ಲಿ, ಉತ್ತರ ಕೊಡದವರು ಪೆನ್ಶನ್ನಿಗೆ ಒಪ್ಪಿದ್ದಾರೆಂದು ತಿಳಿಯಲಾಗುವುದು ಎಂದಿತ್ತು! ಮಾನ್ಯರೇ, ಓದಿದವನಿಗೆ ಶಿಕ್ಷೆ, ಓದದವನಿಗೆ ಬಹುಮಾನ ಎನ್ನುವುದು ಯಾವ ಸಾಲಿಯ ಪಾಠ? ಸರಕಾರದ ಪತ್ರಗಳಲ್ಲಿ ತಪಕೀರು ಕಟ್ಟುವುದೇ ಜಾಣತನವೆಂದು ಮೊದಲೇ ಸುತ್ತೋಲೆ ಹೊರಡಿಸಬಾರದಿತ್ತೇ?

ಈಗ ಆತನ ತಲೆಯ ಮೇಲೆ ಹೊಸ ರುಮಾಲು. ತಿಂಗಳ ಮೊದಲಿಗೆ ಖಜಾನೆಯಿಂದ ಹೊರಬಿದ್ದು ನನ್ನೆದುರಿನ ಖಾನಾವಳಿಯಲ್ಲೇ ಮಿರ್ಚಿ ತಿನ್ನುತ್ತಾನೆ. ಇಪ್ಪತ್ತೆಂಟು ವರ್ಷ ನನ್ನ ಕಿವಿ ಕೊರೆದ ಆತನ ಕೆಮ್ಮು ಕೂಡ ವಾಸಿಯಾಗಿದೆ. ಅದನ್ನು ಕಂಡು ನನಗೆ ನಿದ್ದೆ ಬರುವುದಿಲ್ಲ. ನಾನು ಅದೇ ಕಚೇರಿಯ ಹೊರಗೆ ಬೇವಿನ ಮರದಡಿ ಕೂತು ಜಕ್ಕಲಿ, ಹೊಳೆಮಣ್ಣೂರಿನವರ ಅರ್ಜಿ ಬರೆಯುತ್ತೇನೆ. ಅರವತ್ತರ ಹತ್ತಿರದ ಕಣ್ಣು ಇನ್ನೆಷ್ಟು ದಿನ ಬರೆದೀತು? ಅದು ನಿಂತ ದಿನ ನಮ್ಮ ಒಲೆಯೂ ನಿಲ್ಲುತ್ತದೆ.

ಒಮ್ಮೆ ಕೊಟ್ಟ ಉತ್ತರ ಬದಲಿಸಲು ಬರುವುದಿಲ್ಲವೆಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೀರಿ. ಬದಲಿಸಬೇಡಿ, ಹರಿದುಹಾಕಿರಿ. ನಾನೂ ಓದಲಿಲ್ಲ, ನಾನೂ ಉತ್ತರಿಸಲಿಲ್ಲ ಎಂದು ತಿಳಿದು ನನಗೆ ಪೆನ್ಶನ್ ಮಂಜೂರು ಮಾಡಿರಿ. ನಾನು ಪಡೆದ ಗಂಟನ್ನು ಅದರಲ್ಲಿ ತಿಂಗಳಾ ಮುರಿದುಕೊಳ್ಳಿರಿ. ಇದಾಗದಿದ್ದರೆ ಗುರುಸಂಗಪ್ಪನದನ್ನೂ ನಿಲ್ಲಿಸಿರಿ ಎಂದು ಬರೆದು, ಆಮೇಲೆ ಹೊಡೆದುಹಾಕಿದ್ದೇನೆ.

ನಿನ್ನೆ ಆತ ಮರದಡಿ ಬಂದಿದ್ದ. ಪೆನ್ಶನ್ ಪಡೆಯುವವರು ಜೀವಂತ ಇದ್ದಾರೆಂದು ವರ್ಷಕ್ಕೊಮ್ಮೆ ಬರೆದುಕೊಡಬೇಕೆಂಬ ನಿಮ್ಮ ನಿಯಮವಿದೆಯಲ್ಲ, ಅದಕ್ಕೆ. "ಈಶಪ್ಪ, ನಿನ್ನ ಅಕ್ಷರ ಭಾಳ ಛಲೋ. ನಾ ಜೀವಂತ ಅದೇನಿ ಅಂತ ಬರದು ಕೊಡೋ" ಎಂದ. ಬರೆದುಕೊಟ್ಟೆ. ನಾನೂ ಜೀವಂತ ಇದ್ದೇನೆ, ಮಾನ್ಯರೇ. ಅದನ್ನು ಯಾರಿಗೆ ಬರೆಯಲಿ?

ಇಂತಿ,
ಅವಧಿಯೊಳಗೆ ಉತ್ತರಿಸಿದ ಅಪರಾಧಿ,
ಈಶಪ್ಪ, ಮಾಜಿ ಕಾರಕೂನ
ರೋಣ, 1955