ಬೋರಲು ತಟ್ಟೆ

ಪ್ರೀತಿಯ ತುತ್ತೂರಿ,

ಕುಲಪತಿಗಳೇ ಎಂದು ಬರೆಯಲು ಕೂತೆ, ಕೈ ಒಪ್ಪಲಿಲ್ಲ. ಹಾಸ್ಟೆಲಿನಲ್ಲಿ ನಿನ್ನ ಗಂಟಲಿಗೆ ನಾವಿಟ್ಟ ಹೆಸರೇ ಇರಲಿ. ನಿನ್ನೆ ನಿನ್ನ ಕೋಣೆಯಲ್ಲಿ ಎಷ್ಟು ಮೆಲ್ಲಗೆ ಮಾತಾಡಿದೆಯೆಂದರೆ, ಫ್ಯಾನಿನ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಕೇಳಿಸಿದ್ದಿಷ್ಟು: ನಾಲ್ಕೇ ವಿದ್ಯಾರ್ಥಿಗಳಿರುವ ನನ್ನ ಭಾಷಾಶಾಸ್ತ್ರ ವಿಭಾಗವನ್ನು ಮುಚ್ಚಬೇಕು, ಅದಕ್ಕೆ ಮುಖ್ಯಸ್ಥನಾದ ನಾನೇ ಒಪ್ಪಿಗೆ ಬರೆದುಕೊಡಬೇಕು, ಕೊಟ್ಟರೆ ಪ್ರಕಟಣ ವಿಭಾಗದ ನಿರ್ದೇಶಕನ ಕುರ್ಚಿ ನನಗೆ.

"ನಿನಗೂ ವಯಸ್ಸಾಯ್ತು ಕಣೋ, ಆರಾಮಾಗಿರು," ಅಂದೆ ನೀನು.

ನನಗಾಗ ನೆನಪಾದದ್ದು ಹಾಸ್ಟೆಲಿನ ಊಟದ ಸಾಲು. ನೀರಿನಂಥ ಸಾರಿನ ವಿರುದ್ಧ ತಟ್ಟೆ ಬೋರಲು ಹಾಕುವುದನ್ನು ಕಲಿಸಿದವನು ನೀನು. ಕಲ್ಲಿಲ್ಲ, ಕೂಗಾಟವಿಲ್ಲ, ತಟ್ಟೆಗಳು ಬೆನ್ನು ತೋರಿಸಿ ಮಲಗಿದ್ದವು. ಹೊಸಬನಾದ ನಾನು ಮಾತ್ರ ಬಡಿಸಿಕೊಂಡು, ಆಮೇಲೆ ಮಗುಚಿದೆ. ಸಾರೆಲ್ಲ ತೊಡೆಯ ಮೇಲೆ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ನೀನು ಕಟ್ಟಡ ಅದುರುವಂತೆ ಕೂಗಿದೆ: "ಲೋ ಪೆದ್ದ, ಬಡಿಸೋಕೆ ಮುಂಚೆ ಬೋರಲು ಹಾಕ್ಬೇಕು ಕಣೋ! ತುತ್ತು ಒಳಗೆ ಹೋದ್ಮೇಲೆ ಬೇಡ ಅನ್ನೋಕೆ ಬಾಯಿ ಎಲ್ಲಿ ಬರತ್ತೆ?"

ಅಂದಿನಿಂದ ನನ್ನ ಹೆಸರು ಪೆದ್ದ. ಒಲ್ಲೆ ಎನ್ನಬೇಕಾದಲ್ಲೆಲ್ಲ ನಮ್ಮ ಮಾತು ಬೋರಲು. ಗ್ರಂಥಾಲಯಕ್ಕೆ ಬೇಗ ಬೀಗ ಹಾಕಿದಾಗ ಬೋರಲು. ನಿನ್ನ ಪ್ರೇಮಪತ್ರಕ್ಕೆ ಉತ್ತರವೇ ಬಾರದಾಗ, "ಬೋರಲು ಕಣ್ರೋ" ಎಂದು ನೀನೇ ನಕ್ಕೆ.

ನಿನ್ನೆ ನಿನ್ನ ಕೋಣೆಯಿಂದ ಹೊರಬಂದಾಗ ನನ್ನ ನಾಲ್ವರಲ್ಲೊಬ್ಬಳು, ಬಸ್ ಡ್ರೈವರನ ಮಗಳು, ಮೆಟ್ಟಿಲ ಮೇಲೆ ಕಾದಿದ್ದಳು. ತನ್ನಜ್ಜಿಯ ಬಾಯಲ್ಲಷ್ಟೇ ಉಳಿದಿರುವ ನುಡಿಯೊಂದರ ಕ್ರಿಯಾಪದಗಳನ್ನು ಹಿಡಿದು ಓದುತ್ತಿರುವವಳು. ಇಲ್ಲಿ ಬಾಗಿಲು ಮುಚ್ಚಿದರೆ ಈ ವಿಷಯ ಕಲಿಸುವ ಇನ್ನೊಂದು ವಿಶ್ವವಿದ್ಯಾಲಯ ಒಂದು ದಿನದ ಹಾದಿ, ಮನೆಯವರು ಕಳಿಸುವುದಿಲ್ಲ.

"ಏನಂದ್ರು ಸರ್?" ಎಂದಳು. "ಅಜ್ಜಿ ಬೇರೆ ಕೇಳ್ತಿದ್ದಾಳೆ, ನನ್ನ ಮಾತು ಪಾಸಾಯ್ತೇನೇ ಅಂತ."

ನಗಬೇಕಿತ್ತು. ನಗು ಬರಲಿಲ್ಲ.

ನಾಲ್ಕೇ ಜನ ಎನ್ನುತ್ತೀಯ. ಇದೇ ವಿಭಾಗದ ಕೋಣೆಯಲ್ಲಿ ನಾವು ಓದುವಾಗ ಎಷ್ಟಿದ್ದೆವು ಹೇಳು? ನೀನು, ನಾನು, ಕಿಟಕಿಯಲ್ಲೊಂದು ಪಾರಿವಾಳ. ಆಗ ಯಾರಾದರೂ ತಲೆ ಎಣಿಸಿದ್ದರೆ ಇಂದು ಆ ಕುರ್ಚಿಯಲ್ಲಿ ನೀನಿರುತ್ತಿರಲಿಲ್ಲ.

ಒಪ್ಪಿಗೆ ಬರೆಯುವುದಿಲ್ಲ. ಬೀಗ ಜಡಿದರೆ ಪಾಠ ಮೆಟ್ಟಿಲ ಮೇಲೆ, ನಿನ್ನ ಕಿಟಕಿಯ ಕೆಳಗೇ. ನನಗೆ ನಿನ್ನಂಥ ಗಂಟಲಿಲ್ಲ, ಆ ಹುಡುಗಿಗಿದೆ.

ಇನ್ನು ಕುರ್ಚಿಯ ವಿಷಯ. ಈ ಸಲ ತಪ್ಪು ಮಾಡಿಲ್ಲ ಕಣೋ. ಬಡಿಸುವ ಮುಂಚೆಯೇ ಹಾಕಿದ್ದೇನೆ.

ನಿನ್ನ ಗಂಟಲು ನಿನಗೆ ಮರಳಿ ಸಿಗಲಿ.

ಬೋರಲು,
ಪೆದ್ದ