ಮೂರು ಸಲ ಹೇಳಿದ ಮಾತು

ಚಾಮರಾಜಪೇಟೆ,
12-8-1984

ಪ್ರೀತಿಯ ಮಾಯಣ್ಣನಿಗೆ, ತಂಗಿ ವಿಶಾಲ ಮಾಡುವ ನಮಸ್ಕಾರ.

ರೈಲ್ವೆಯ ವಿಚಾರಣೆಯಲ್ಲಿ ನಿನ್ನ ಮಾತನ್ನು ಯಾರೂ ನಂಬಲಿಲ್ಲ, ಕೆಲಸ ಹೋಗುವುದು ಖಂಡಿತ ಎಂದು ಬೊಂಬಾಯಿಯಿಂದ ಬರೆದಿದ್ದೀಯ. ನಂಬದಂತೆ ಮಾಡಿದವಳು ನಾನು.

ಜೂನಿನ ಆ ಶನಿವಾರ ಲೋಕಲ್ ರೈಲಿನ ಮೂರನೇ ಡಬ್ಬಿಯ ಕೆಳಗೆ ಕರೆಂಟಿನ ಕೇಬಲ್ ಹೊತ್ತಿಕೊಂಡು, ರಿಪೇರಿ ಕೆಲಸದಲ್ಲಿ ನಿನ್ನ ಜೊತೆಗಾರನಾದ ಮುರುಗೇಶನ ಕೈ ಬೆಂದಿತು. ವಿಚಾರಣೆಗೆ ಕೊಡಬೇಕಾದ ಹೇಳಿಕೆಯನ್ನು ನೀನು ಕನ್ನಡದಲ್ಲಿ ಬರೆದು ನನಗೆ ಕಳಿಸಿದೆ. ‘ನೀನು ಬಿ.ಎ. ಓದಿದೋಳು, ಇಂಗ್ಲಿಷಲ್ಲಿ ನೀಟಾಗಿ ಮಾಡ್ಕೊಡು’ ಅಂತ.

ನಿನ್ನ ಹಾಳೆಯಲ್ಲಿ ಸೋಮವಾರ, ಕೇಬಲಿನ ಜಾಯಿಂಟು ಬಿಸಿಯಾಗಿದೆ, ರಬ್ಬರ್ ಸುಟ್ಟ ವಾಸನೆ, ಸಾಹೇಬರಿಗೆ ಹೇಳಿದೆ ಎಂದಿತ್ತು. ಬುಧವಾರಕ್ಕೂ ಅದೇ. ಶುಕ್ರವಾರಕ್ಕೂ ಒಂದಕ್ಷರ ಬದಲಾಗದೆ ಅದೇ. ನನಗೆ ನಗು ಬಂತು ಅಣ್ಣ. ಒಂದೇ ಮಾತನ್ನು ಮತ್ತೆ ಮತ್ತೆ ಬರೆಯಬಾರದೆಂದು ಕಾಲೇಜಿನಲ್ಲಿ ಕಲಿತವಳು. ಸೋಮ, ಬುಧ, ಶುಕ್ರ ಎಲ್ಲ ಬಿಟ್ಟು, ‘ಜಾಯಿಂಟು ಬಿಸಿಯಾದದ್ದನ್ನು ತಿಳಿಸಿದ್ದೆ’ ಎಂದು ಒಂದೇ ವಾಕ್ಯ ಮಾಡಿದೆ. ಗಾಂಧಿ ಬಜಾರಿನ ಟೈಪಿಂಗ್ ಮೇಷ್ಟ್ರು ಗಂಗಾಧರಯ್ಯ, ‘ಎಷ್ಟು ಚೊಕ್ಕವಾಗಿ ಬರ್ದಿದೀಯಮ್ಮ!’ ಅಂದರು. ಮನೆತನಕ ಬೀಗಿಕೊಂಡೇ ನಡೆದೆ. ನೀನು ನನ್ನನ್ನು ನಂಬಿ, ಓದದೆ ಸಹಿ ಹಾಕಿದೆ.

ಈಗ ವಿಚಾರಣೆಯವರು, ಮೂರು ಸಲ ಹೇಳಿದ್ದರೆ ನಿನ್ನ ಹೇಳಿಕೆಯಲ್ಲೇ ಯಾಕಿಲ್ಲ ಎನ್ನುತ್ತಿದ್ದಾರೆ. ನಿನ್ನ ಕಾಗದ ಓದಿ ಹೇಳಿದಾಗ ಅಮ್ಮ ಮೊರ ಕೆಳಗಿಟ್ಟು, ‘ಅವ್ನು ಮೂರು ಅಂದ್ರೆ ಮೂರೇ ಕಣೆ. ನೀನೇನ್ ಗೀಚ್ದೆ?’ ಅಂದಳು. ಮಾಡಿದ್ದನ್ನು ಹೇಳಿಬಿಟ್ಟೆ. ಅವಳೇ ಬಾಗಿಲ ಹಿಂದಿನ ತಂತಿಗೆ ಚುಚ್ಚಿಟ್ಟಿದ್ದ ಹಳೆಯ ಕಾಗದಗಳನ್ನೆಲ್ಲ ಕಳಚಿ ನನ್ನ ಮುಂದೆ ಸುರಿದಳು. ಕೇಬಲ್ ಹೊತ್ತಿಕೊಂಡ ಆ ವಾರವೇ ಅವಳಿಗೆ ಜ್ವರವಿದ್ದುದರಿಂದ ನೀನು ದಿನ ಬಿಟ್ಟು ದಿನ ಹಾಕಿದ್ದ ಮೂರು ಕಾರ್ಡು ಸಿಕ್ಕವು. ಮೂರರಲ್ಲೂ ಕೊನೆಗೆ, ‘ಜಾಯಿಂಟಿನ ವಿಷಯ ಇವತ್ತೂ ಸಾಹೇಬ್ರಿಗೆ ಹೇಳ್ದೆ, ಕಿವಿಗೆ ಹಾಕ್ಕೊಳ್ಳಲಿಲ್ಲ.’ ನಡುವೆ ತಂತಿಯ ತೂತು. ಅಂಚೆ ಮುದ್ರೆಯ ತಾರೀಖು ಮಾತ್ರ ಸ್ಪಷ್ಟವಾಗಿದೆ, ಆ ಸೋಮವಾರ, ಬುಧವಾರ, ಶುಕ್ರವಾರದ್ದೇ.

ಬಸ್ಸಿನಲ್ಲಿ ‘ಸ್ಟಾಪ್’ ಅನ್ನಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವವಳು ನಾನು, ನಿನಗೇ ಗೊತ್ತು. ಆದರೂ ಇಪ್ಪತ್ತನೇ ತಾರೀಖಿನ ಮುಂದಿನ ವಿಚಾರಣೆಗೆ ಆ ಕಾರ್ಡುಗಳನ್ನೂ ನಿನ್ನ ಹಾಳೆಯನ್ನೂ ಹಿಡಿದು ಬರುತ್ತಿದ್ದೇನೆ. ಹೇಳಿಕೆಯಲ್ಲಿ ಆ ಮಾತನ್ನು ಕತ್ತರಿಸಿದವಳು ನಾನು ಎಂದು ಅವರೆದುರು ಹೇಳುತ್ತೇನೆ. ಕೇಳಿಸಿಕೊಳ್ಳದಿದ್ದರೆ ಇನ್ನೊಮ್ಮೆ. ಆಗಲೂ ಕೇಳದಿದ್ದರೆ ಮೂರನೆಯ ಸಲ.

ಈ ಕಾಗದ ನನಗಿಂತ ಮುಂಚೆ ತಲುಪುತ್ತದೆ. ಬೈಯುವುದನ್ನೆಲ್ಲ ಇದಕ್ಕೇ ಬೈದು ಮುಗಿಸಿರು. ಮುರುಗೇಶನ ಕೈ ಬೇಗ ಮಾಯಲಿ. ಬನಶಂಕರಿ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ತಂಗಿ,
ವಿಶಾಲ